ಹುಂಜವಿಲ್ಲದ ಮನೆಯ ಕಾವು

ಕೋಳಿ ಸಾಕಿದ ಮನೆಯಲ್ಲಿ ಕೋಳಿ ಕೂಗುವುದಿಲ್ಲ ಎಂದರೆ ಕೇಳಿದವರು ನಗುತ್ತಾರೆ. ನಮ್ಮದು ಅಂಥ ಮನೆ. ದಾಂಡೇಲಿಯ ನಮ್ಮ ಓಣಿಗೆ ಬೆಳಗಾಗುವುದು ಕಾಗದದ ಮಿಲ್ಲಿನ ಭೋಂಗಾ ಊದಿದಾಗ. ಅದು ಊದಿ ನಿಂತ ಮೇಲೆ ನಾನು ಹಿತ್ತಿಲ ಬಾಗಿಲು ತೆಗೆದು, ಗೂಡಿಗೆ ಅಡ್ಡ ಇಟ್ಟ ಕಲ್ಲು ಸರಿಸಿ ಹಲಗೆ ಎತ್ತುತ್ತೇನೆ. ಮೂರು ಕೋಳಿಗಳು ಹೊರಬರುತ್ತವೆ. ಬರುವುದೂ ಒಂದು ಸಾಲಿನಲ್ಲಿ: ಮೊದಲು ಕರಿಯದು, ಅದರ ಹಿಂದೆ ಕೆಂಪು, ಕೊನೆಗೆ ಬೂದು ಬಣ್ಣದ್ದು. ಕಳೆದ ಮಳೆಗಾಲದವರೆಗೆ ಈ ಸಾಲು ತಪ್ಪಿದ್ದನ್ನು ನಾನು ನೋಡಿರಲಿಲ್ಲ. ರೇಷನ್ ಅಂಗಡಿಯ ಮುಂದೆ ನಾವು ಮನುಷ್ಯರು ಇಷ್ಟು ಶಿಸ್ತಾಗಿ ನಿಂತದ್ದನ್ನೂ ನೋಡಿಲ್ಲ.

ಹೊರಬಂದ ಕೂಡಲೇ ಒಂದೊಂದೂ ಒಂದು ಕಾಲನ್ನೂ ಅದೇ ಕಡೆಯ ರೆಕ್ಕೆಯನ್ನೂ ಹಿಂದಕ್ಕೆ ಚಾಚಿ ಮೈ ಮುರಿಯುತ್ತದೆ, ಆಮೇಲೆ ಇನ್ನೊಂದು ಕಡೆ. ನಂತರ ಮೈಯೆಲ್ಲ ಒಮ್ಮೆ ಕೊಡವಿ ನನ್ನ ಕೈ ನೋಡುತ್ತವೆ. ನನ್ನ ಮುಖವನ್ನಲ್ಲ, ಕೈಯನ್ನು. ಅಕ್ಕಿ ನುಚ್ಚು, ಒಡೆದ ಗೋವಿನಜೋಳ, ನೆನೆಸಿದ ನಿನ್ನೆಯ ರೊಟ್ಟಿಯ ಚೂರು, ಇಷ್ಟು ಅವುಗಳ ಬೆಳಗಿನ ಊಟ. ಅವು ತಿನ್ನುವಷ್ಟರಲ್ಲಿ ನಾನು ಗೂಡಿನ ನೆಲದ ಭತ್ತದ ಹೊಟ್ಟನ್ನು ಕೆರೆದು ಬಾಳೆಯ ಬುಡಕ್ಕೆ ಸುರಿದು, ಹೊಸ ಹೊಟ್ಟು ಹಾಸಿ, ಮೇಲೆ ಒಲೆಯ ಬೂದಿ ಉದುರಿಸುತ್ತೇನೆ. ಬೂದಿ ಇದ್ದರೆ ಹೇನು ಹತ್ತುವುದಿಲ್ಲ. ಕೊನೆಗೆ ಅಗಲ ಬಾಯಿಯ ಮಣ್ಣಿನ ಪರಿಯಾಣದಲ್ಲಿ ನೀರು. ಈ ಕೆಲಸಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದು ನೀರಿಡುವುದೇ, ಏಕೆಂದರೆ ಇಟ್ಟ ಮೇಲೆ ನಾನು ಅಲ್ಲೇ ನಿಂತುಬಿಡುತ್ತೇನೆ.

ಕೋಳಿ ನೀರು ಕುಡಿಯುವುದನ್ನು ಹತ್ತಿರದಿಂದ ನೋಡಬೇಕು. ಒಂದು ಗುಟುಕು ತೆಗೆದುಕೊಂಡು ಕತ್ತು ಮೇಲೆತ್ತಿ ಆಕಾಶ ನೋಡುತ್ತದೆ. ಮತ್ತೆ ಒಂದು ಗುಟುಕು, ಮತ್ತೆ ಆಕಾಶ. ಅದಕ್ಕೆ ನಮ್ಮ ಹಾಗೆ ನುಂಗಲು ಬಾರದು, ಕತ್ತೆತ್ತಿದರೆ ಮಾತ್ರ ನೀರು ಇಳಿಯುತ್ತದೆ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ನನ್ನ ಬೆರಗು ಕಡಿಮೆಯಾಗಲಿಲ್ಲ. ಒಮ್ಮೆ ನನ್ನ ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದವರು, ನೋಡದ ಹಾಗೆ ನೋಡುತ್ತ ಹೇಳಿದ್ದರು:

“ಗುಟುಕಿಗೊಮ್ಮೆ ಮ್ಯಾಲೆ ನೋಡತಾವ. ನಾವು ಕೊಡಗಟ್ಟಲೆ ಕುಡದ್ರೂ ಒಮ್ಮೆರ ನೋಡತೇವೇನು?”

ಇದನ್ನು ಹೇಳಿದವರು ಕೋಳಿಯನ್ನು ಹೊಸ್ತಿಲ ಒಳಗೆ ಬಿಡದ ನನ್ನ ಅತ್ತೆ ಎಂಬುದೇ ಸೋಜಿಗ. ನಾವು ಧಾರವಾಡ ಕಡೆಯ ಲಿಂಗಾಯತರು. ಗಂಡನ ಕೆಲಸಕ್ಕಾಗಿ ದಾಂಡೇಲಿಗೆ ಬಂದು ಇಲ್ಲೇ ಸಣ್ಣದೊಂದು ಮನೆ ಕಟ್ಟಿಕೊಂಡವರು. ಅತ್ತೆಯನ್ನು ಹಳ್ಳಿಯಿಂದ ಇಲ್ಲಿಗೆ ಕರೆತರುವುದು ಸುಲಭವಾಗಿರಲಿಲ್ಲ. ಇಲ್ಲಿಂದ ಶರಣರ ಕ್ಷೇತ್ರ ಉಳವಿ ಹತ್ತಿರ, ಮನಸ್ಸಾದಾಗ ಹೋಗಿ ಬರಬಹುದು ಎಂದು ಆಸೆ ತೋರಿಸಿದ ಮೇಲೆ ಟ್ರಂಕು ಕಟ್ಟಿದರು. ಲಿಂಗಪೂಜೆಯಾಗದೆ ಅವರ ಗಂಟಲಲ್ಲಿ ನೀರು ಇಳಿಯುವುದಿಲ್ಲ. ಅಂಥವರ ಮನೆಗೆ ಕೋಳಿ ಬಂದದ್ದು ಕಾಣಿಕೆಯಾಗಿ.

ಪಕ್ಕದ ಮನೆಯವಳು ನನ್ನ ಗೆಳತಿ. ಸಿದ್ದಿ ಸಮುದಾಯದವಳು, ಹಳಿಯಾಳ ತಾಲ್ಲೂಕಿನ ಹಳ್ಳಿಯಿಂದ ಬಂದವಳು, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವಳು. ಆಕೆಯ ಗಂಡನದೂ ನನ್ನ ಗಂಡನದೂ ಮಿಲ್ಲಿನಲ್ಲಿ ಒಂದೇ ಪಾಳಿ. ಆಕೆಯ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ಸಂಜೆ ಹೊತ್ತು ನಮ್ಮ ಮನೆಗೆ ಬಂದು ನನ್ನಿಂದ ಗಣಿತ ಹೇಳಿಸಿಕೊಂಡಳು, ಪಾಸಾದಳು. ಫಲಿತಾಂಶ ಬಂದ ಮರುದಿನ ತಾಯಿ ಕಂಕುಳಲ್ಲಿ ಒಂದು ಕೆಂಪು ಜವಾರಿ ಕೋಳಿ ಇಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು.

“ಬರಿಗೈಲೆ ಹೆಂಗ ಬರ್ಲಿ ಅಕ್ಕಾರ? ತಿನ್ನಾಕಂತ ಅಲ್ಲ, ಸಾಕಾಕಂತ ಕೊಡಾಕತ್ತೇನಿ” ಎಂದಳು.

ಬೇಡ ಎನ್ನಲು ಬಾಯಿ ಬರಲಿಲ್ಲ. ನನ್ನ ಗಂಡ ಒಳಗಿನಿಂದ ಬಂದು ಕೋಳಿಯನ್ನು ನೋಡಿ, “ಕೋಳಿ ಕೇಳಿ ಮಸಾಲಿ ಅರೀತಾರೇನು ಅಂತಾರ. ನಮ್ಮನ್ಯಾಗ ಎಷ್ಟ ಮಸಾಲಿ ಅರದ್ರೂ ಇದಕ್ಕ ಅಂಜಿಕಿಲ್ಲ ಬಿಡು” ಎಂದರು. ಅತ್ತೆ ಮಾತ್ರ ನಗಲಿಲ್ಲ. ಒಳಗ ಬರಬಾರದು, ಮುಟ್ಟಿದ ಕೈ ತೊಳೀದ ಅಡಗಿಮನಿಗೆ ಹೋಗಬಾರದು, ಮುಖ್ಯವಾಗಿ ಹೆಸರಿಡಬಾರದು ಎಂದು ಅಪ್ಪಣೆಯಾಯಿತು.

“ಹೆಸರಿಟ್ರ ಮನಿಯವರಾಗ್ತಾವ” ಎಂದರು.

ಅವರ ಮಾತಿನಲ್ಲಿ ಕೋಳಿ ಯಾವಾಗಲೂ ‘ಅದು’. ಊರಿನ ಮನೆಯ ಎಮ್ಮೆಯನ್ನು ‘ಆಕಿ’ ಎನ್ನುತ್ತಿದ್ದವರು ಅವರು. ಆಕಿ ಇವತ್ತು ಹಾಲು ಕೊಡಲಿಲ್ಲ, ಆಕಿಗೆ ಸಿಟ್ಟು ಬಂದೈತಿ ಎಂದೆಲ್ಲ ಸೊಸೆಗಿಂತ ಹೆಚ್ಚಾಗಿ ಎಮ್ಮೆಯ ಮನಸ್ಸು ಕಾಯುತ್ತಿದ್ದರಂತೆ. ಕೋಳಿಗೆ ಆ ಮರ್ಯಾದೆ ಸಿಗಲಿಲ್ಲ. ಅದು ಬಂತು, ಅದಕ್ಕ ಹಾಕಿದೇನು, ಅದನ್ನ ಅತ್ತಾಗ ಓಡಸು. ಅಷ್ಟೇ.

ಒಂಟಿ ಕೋಳಿ ಅಡುಗೆಮನೆಯ ಬಾಗಿಲಿಗೆ ಬಂದು ಬಂದು ಇಣುಕುವುದನ್ನು ನೋಡಲಾರದೆ ನಾನು ಹಳಿಯಾಳದ ಸಂತೆಯಿಂದ ಇನ್ನೆರಡು ತಂದೆ. ಹುಂಜ ತರಲಿಲ್ಲ. ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವ ಗಂಡಸಿನ ಕಿವಿಯ ಬಳಿ ಹುಂಜ ಕೂಗಿದರೆ ಮಸಾಲೆ ತಾನೇ ಅರೆಯುತ್ತೇನೆ ಎಂದು ನನ್ನ ಗಂಡ ಹೇಳಿದ್ದರು. ಹುಂಜ ಇಲ್ಲದೆಯೂ ಮೂರೂ ಕೋಳಿಗಳು ತತ್ತಿ ಇಡತೊಡಗಿದವು. ಹಾಗಾಗಿ ಹುಂಜದ ಅಗತ್ಯ ಏನೆಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ತತ್ತಿಯ ವಿಷಯದಲ್ಲಿ ನಮಗಿದ್ದ ಜ್ಞಾನ ಒಂದೇ ಸಾಲಿನದು. ಸಣ್ಣವಳಿದ್ದಾಗ ನನ್ನ ಅವ್ವ ಹೇಳಿದ್ದು ಅದೇ, ಮದುವೆಯಾದ ಮೇಲೆ ಅತ್ತೆ ಹೇಳಿದ್ದೂ ಅದೇ: “ತತ್ತಿಯೊಳಗ ಜೀವ ಇರತೈತಿ, ಅದಕ್ಕ ನಾವು ತಿನ್ನೂದಿಲ್ಲ.” ಮೊದಮೊದಲು ನಾನು ತತ್ತಿಯನ್ನು ಸಾಗವಾನಿ ಎಲೆಯಲ್ಲಿ ಹಿಡಿದು ಎತ್ತುತ್ತಿದ್ದೆ. ಒಂದು ದಿನ ಎಲೆ ಕೈಗೆ ಸಿಗಲಿಲ್ಲ. ಬೂದು ಕೋಳಿ ಆಗಷ್ಟೇ ಎದ್ದು ಹೋಗಿತ್ತು. ಬರಿಗೈಯಲ್ಲಿ ಎತ್ತಿಕೊಂಡೆ. ಬಿಸಿ ಇತ್ತು. ಮೇಲಿನ ಪಸೆ ಇನ್ನೂ ಆರಿರಲಿಲ್ಲ, ನಾನು ನೋಡುತ್ತಿದ್ದ ಹಾಗೇ ಆರಿತು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿತ್ತು. ನುಚ್ಚು ತಿಂದು, ನೀರು ಕುಡಿದು, ಮಣ್ಣಲ್ಲಿ ಹೊರಳಾಡಿದ ಒಂದು ಹಕ್ಕಿ ಇದನ್ನು ತನ್ನೊಳಗೆ ಮಾಡಿಕೊಂಡು ಬಂದು, ಇಟ್ಟು, ದೊಡ್ಡ ದನಿಯಲ್ಲಿ ಊರಿಗೆಲ್ಲ ಸಾರಿ, ಮರೆತು ಹೋಗುತ್ತದೆ. ನನಗೆ ಮರೆಯಲಾಗಲಿಲ್ಲ. ಅಂದಿನಿಂದ ಎಲೆ ಬಿಟ್ಟೆ.

ತತ್ತಿಗಳು ಗೆಳತಿಯ ಮನೆಗೆ ಹೋಗುತ್ತಿದ್ದವು. ಬದಲಿಗೆ ಅವಳ ಊರಿನ ಗೆಣಸು, ಹಲಸಿನ ಹಪ್ಪಳ ನಮ್ಮ ಮನೆಗೆ ಬರುತ್ತಿದ್ದವು. ಆದರೆ ನಾನು ಬಟ್ಟಲು ಹಿಡಿದು ಗೋಡೆಯಾಚೆ ಕೈ ಚಾಚಿದಾಗಲೆಲ್ಲ ಅತ್ತೆಗೆ ಕಸಿವಿಸಿ. “ಹೋದ್ವು ಜೀವಗೋಳು” ಎಂದು ಗೊಣಗಿ ಎದ್ದು ಒಳಗೆ ಹೋಗುತ್ತಿದ್ದರು. ನಾವು ತಿನ್ನದೆ ಬೇರೆಯವರ ಬಾಣಲೆಗೆ ಕಳಿಸುವುದು ಯಾವ ಪುಣ್ಯ ಎಂಬುದು ಅವರ ಪ್ರಶ್ನೆ.

ಹೀಗೆ ಗೊಣಗುತ್ತಲೇ ಅವರು ಕೋಳಿಗಳನ್ನು ನನಗಿಂತ ಚೆನ್ನಾಗಿ ಅರಿತುಕೊಂಡರು. ಹದ್ದು ಕಂಡಾಗ ಕರಿ ಕೋಳಿ ಎಳೆಯುವ ದನಿ ಬೇರೆ, ಮುಂಗುಸಿ ಬಂದಾಗ ಕೂಗುವ ದನಿ ಬೇರೆ ಎಂದು ಮೊದಲು ಹೇಳಿದವರು ಅವರೇ. ಹದ್ದಿನ ದನಿಗೆ ಮೂರೂ ಇದ್ದಲ್ಲೇ ಕಲ್ಲಾಗುತ್ತವೆ, ಮುಂಗುಸಿಯ ದನಿಗೆ ಮೂರೂ ಕತ್ತೆತ್ತಿ ಒಂದೇ ಕಡೆ ನೋಡುತ್ತವೆ. ನಾನು ಹೋಗಿ ಪರೀಕ್ಷಿಸಿದೆ, ನಿಜವೇ. ಮಿಲ್ಲಿನ ವಾಸನೆ ಗಾಳಿಯಲ್ಲಿ ಇಳಿಯುವ ಸಂಜೆ ಹೊತ್ತಿಗೆ, ಯಾರೂ ಕರೆಯದೆ ಅವು ತಾವಾಗಿ ಗೂಡಿಗೆ ನಡೆಯುತ್ತವೆ. ಇನ್ನೂ ಬೆಳಕಿರುತ್ತದೆ, ನುಚ್ಚೂ ಉಳಿದಿರುತ್ತದೆ. ಸಾಕು ಎಂದು ಅವಕ್ಕೆ ಯಾರು ಹೇಳುತ್ತಾರೋ. ನನಗಂತೂ ಸಾಕು ಅನ್ನುವುದು ಈ ವಯಸ್ಸಿಗೂ ಬಂದಿಲ್ಲ.

ಕಳೆದ ಮಳೆಗಾಲ ಶುರುವಾದಾಗ ಗೆಳತಿ ನಾಟಿ ಕೆಲಸಕ್ಕೆಂದು ಊರಿಗೆ ಹೋದಳು. ತಾಯಿಗೆ ಮೈ ಹುಷಾರಿಲ್ಲದೆ ಅಲ್ಲೇ ಉಳಿದಳು. ಆಕೆ ಹೋದ ಕೆಲವೇ ದಿನಗಳಲ್ಲಿ ಕೆಂಪು ಕೋಳಿ ಕಾವಿಗೆ ಕೂತಿತು. ನಾನು ಹಲಗೆ ಎತ್ತಿದಾಗ ಕರಿಯದು ಬಂತು, ಬೂದು ಬಂತು, ಕೆಂಪು ಬರಲಿಲ್ಲ. ಬಗ್ಗಿ ನೋಡಿದರೆ ತವೆಯ ಮೇಲೆ ಹಾಕಿದ ರೊಟ್ಟಿಯ ಹಾಗೆ ಅಗಲವಾಗಿ ಹರಡಿಕೊಂಡು ಕೂತಿದೆ, ಕೆಳಗೆ ಹಿಂದಿನ ದಿನದ ಒಂದೇ ಒಂದು ತತ್ತಿ. ಕೈ ಹಾಕಿದರೆ ಮೈಯೆಲ್ಲ ಉಬ್ಬಿಸಿ ಕುಕ್ಕಿತು. ಅದುವರೆಗೆ ನನ್ನ ಅಂಗೈಯಿಂದ ತಿನ್ನುತ್ತಿದ್ದ ಕೋಳಿ.

ಅತ್ತೆಯ ಮುಖ ಅರಳಿದ್ದನ್ನು ನಾನು ಅಂದು ನೋಡಿದೆ.

“ಕೂಡ್ಲಿ ಬಿಡು. ಇಷ್ಟು ದಿನ ಎಲ್ಲಾ ಮಂದೀ ಪಾಲಾತು. ಅದರ ಹೊಟ್ಟ್ಯಾಗಿಂದು ಈ ಸಲ ಅದಕ್ಕ ಸಿಗಲಿ” ಎಂದರು.

ಮೂರೂ ಕೋಳಿಗಳ ತತ್ತಿಗಳನ್ನು ಕೂಡಿಟ್ಟು ಬುಟ್ಟಿಯಲ್ಲಿ ಹುಲ್ಲು ಹಾಸಿ ಕಾವಿಗೆ ಇಟ್ಟೆವು. ಜಾಗ ಗೊತ್ತು ಮಾಡಿದವರು ಅತ್ತೆ: ಕಟ್ಟಿಗೆ ಇಡುವ ತಗಡಿನ ಮಾಡಿನ ಮೂಲೆ, ಮಳೆಯ ಎರಚಲು ಬಾರದ ಕಡೆ. ತತ್ತಿಗಳ ಎಣಿಕೆ ಬೆಸವಾಗಿರಬೇಕು ಎಂದರು. ಗುಡುಗಿಗೆ ತತ್ತಿ ಕೆಡುತ್ತವೆ, ಕಬ್ಬಿಣ ಇದ್ದರೆ ಕೆಡುವುದಿಲ್ಲ ಎಂದು ಮುರಿದ ಕುಡಗೋಲೊಂದನ್ನು ಹುಲ್ಲಿನ ಅಡಿ ಇಡಿಸಿದರು. ಇದೆಲ್ಲ ಹಳ್ಳಿಯಲ್ಲಿ ಕೇರಿಯವರ ಬಾಯಲ್ಲಿ ಕಿವಿಗೆ ಬಿದ್ದ ಮಾತಂತೆ. ಬೇಡದ ಮಾತು ಎಂದು ಕಿವಿ ಮುಚ್ಚಿಕೊಂಡವರಿಗೆ ಇಷ್ಟೆಲ್ಲ ಹೇಗೆ ಕೇಳಿಸಿತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನನ್ನ ಗಂಡ ಫೋನಿನಲ್ಲಿ ಹುಡುಕಿ, ಮೂರು ವಾರಕ್ಕೆ ಮರಿ ಬರುತ್ತವೆ ಎಂದು ಹೇಳಿದರು. ಫೋನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಕೇಳಬೇಕಾದದ್ದನ್ನು ಯಾರೂ ಕೇಳಿರಲಿಲ್ಲ.

ಆ ಮೂರು ವಾರ ನಾನು ಕಂಡದ್ದನ್ನು ಹೇಳಲು ಕಷ್ಟ. ಏನೂ ನಡೆಯಲಿಲ್ಲ ಎಂದರೂ ಸರಿಯೇ. ಒಂದು ಕೋಳಿ ಕೂತಿತ್ತು, ಅಷ್ಟೇ. ಆದರೆ ಹಾಗೆ ಕೂಡುವುದನ್ನು ನಾನು ಹಿಂದೆ ನೋಡಿರಲಿಲ್ಲ. ತಗಡಿನ ಮೇಲೆ ಮಳೆ ಕಲ್ಲು ಸುರಿದ ಹಾಗೆ ಬೀಳುತ್ತಿದ್ದರೂ ಕಣ್ಣು ಅರ್ಧ ಮುಚ್ಚಿಕೊಂಡು ಕೂತಿರುತ್ತಿತ್ತು. ಎದೆಯ ಗರಿಗಳನ್ನು ತಾನೇ ಕಿತ್ತು ಹಾಕಿ, ಬರಿ ಚರ್ಮವನ್ನು ತತ್ತಿಗಳಿಗೆ ಒತ್ತಿಕೊಂಡಿತ್ತು. ಆಗಾಗ ಕೊಕ್ಕಿನಿಂದ ಒಂದೊಂದೇ ತತ್ತಿಯನ್ನು ಮೆಲ್ಲಗೆ ಹೊರಳಿಸಿ, ಅಂಚಿನದನ್ನು ನಡುವಿಗೂ ನಡುವಿನದನ್ನು ಅಂಚಿಗೂ ತರುತ್ತಿತ್ತು. ಎಲ್ಲಕ್ಕೂ ಸಮನಾಗಿ ಕಾವು ಸಿಗಬೇಕಲ್ಲ. ದಿನಕ್ಕೊಮ್ಮೆ ಎದ್ದು, ಎರಡು ಕಾಳು ತಿಂದು, ನೀರು ಕುಡಿದು, ಆಕಾಶ ನೋಡಲೂ ಪುರುಸೊತ್ತಿಲ್ಲದ ಹಾಗೆ ಓಡಿ ಬಂದು ಕೂಡುತ್ತಿತ್ತು. ಬರಬರುತ್ತ ಅದೂ ನಿಂತಿತು. ನಾನೇ ಕೊಕ್ಕಿನ ಹತ್ತಿರ ಬಟ್ಟಲು ಹಿಡಿಯಬೇಕಾಯಿತು.

ಅತ್ತೆ ಪೂಜೆಯಾದ ಮೇಲೆ ಕೂಡುವ ಮಣೆಯನ್ನು ಹಿತ್ತಿಲ ಬಾಗಿಲಿಗೆ ತಂದುಕೊಂಡರು. ಅಲ್ಲಿ ಬೆಳಕು ಚೆನ್ನಾಗಿದೆ ಎಂಬುದು ನೆಪ. ಅಲ್ಲಿಂದ ಕಟ್ಟಿಗೆಯ ಮಾಡು ಕಾಣುತ್ತದೆ. ಹಣೆಯ ಮೇಲೆ ವಿಭೂತಿ ಒಣಗುತ್ತಿರುವ ಒಬ್ಬ ಮುದುಕಿ ಈ ಕಡೆ, ಕಣ್ಣು ಮುಚ್ಚಿದ ಒಂದು ಕೋಳಿ ಆ ಕಡೆ. ಇಬ್ಬರೂ ಅಲುಗಾಡುತ್ತಿರಲಿಲ್ಲ. ಅವರ ನಡುವೆ ಹಾದು ಬಟ್ಟೆ ಒಣಹಾಕಲು ನನಗೆ ಸಂಕೋಚವಾಗುತ್ತಿತ್ತು.

ಮೂರು ವಾರ ಕಳೆಯಿತು, ಮರಿ ಬರಲಿಲ್ಲ. ಮಳೆಯ ಥಂಡಿಗೆ ತಡವಾಗಿರಬೇಕು ಎಂದುಕೊಂಡೆವು. ನಾಲ್ಕನೆಯ ವಾರವೂ ಮುಗಿಯಿತು. ಕೋಳಿಯ ಜುಟ್ಟು ಬಿಳಿಚಿತು. ಎತ್ತಿದರೆ ಕೈಯಲ್ಲಿ ಎಲುಬು ಮತ್ತು ಗರಿ, ಬೇರೆ ಏನೂ ಇಲ್ಲ. ಕೆಳಗಿಟ್ಟರೆ ಕಾಲು ನಿಲ್ಲುತ್ತಿರಲಿಲ್ಲ, ತೆವಳಿಕೊಂಡೇ ಬುಟ್ಟಿಗೆ ಹೋಗುತ್ತಿತ್ತು. ಇದು ಸಾಯುತ್ತದೆ ಎಂದು ನನಗೆ ಹೆದರಿಕೆಯಾಯಿತು. ಅತ್ತೆ ಒಂದು ಮಧ್ಯಾಹ್ನ ಬುಟ್ಟಿಯ ಬಳಿ ಕೂತು ಕಿವಿ ಹಚ್ಚಿ, “ಒಳಗ ಸಪ್ಪಳ ಆದಂಗಾತು” ಎಂದರು. ನಾನೂ ಕಿವಿ ಹಚ್ಚಿದೆ. ನನಗೆ ಏನೂ ಕೇಳಿಸಲಿಲ್ಲ. ಕೇಳಿಸಿತು ಎಂದೆ.

ಆ ವಾರವೇ ಗೆಳತಿ ಊರಿನಿಂದ ಬಂದಳು. ಗೆಣಸಿನ ಚೀಲ ಇಳಿಸಿ ನೇರ ಹಿತ್ತಿಲಿಗೆ ಬಂದು ಬುಟ್ಟಿ ನೋಡಿದಳು, ಹಿತ್ತಿಲೆಲ್ಲ ನೋಡಿದಳು.

“ಹುಂಜ ಎಲ್ಲೈತ್ರಿ ಅಕ್ಕಾರ?”

“ಹುಂಜ ಎಲ್ಲಿಂದ ಬರಬೇಕ? ನಾವು ಹುಂಜ ಸಾಕೇ ಇಲ್ಲಲ್ಲ” ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಟ್ಟಿಗೆಯ ರಾಶಿ ಹಿಡಿದುಕೊಂಡು ನೆಲಕ್ಕೆ ಕೂತು ನಗತೊಡಗಿದಳು. “ಹುಂಜ ಇಲ್ದ ಮರಿ ಹೆಂಗ ಬರ್ತಾವ್ರಿ ಅಕ್ಕಾರ? ಹುಂಜ ಕೂಡದ ತತ್ತಿ ಬರೇ ತತ್ತಿ. ಒಳಗ ಏನೂ ಇರೂದಿಲ್ಲ. ವರ್ಷಗಟ್ಟಲೆ ಕೂತ್ರೂ ಕೊಳೀತಾವ, ಅಷ್ಟ.”

ಪಿಯುಸಿಯಲ್ಲಿ ವಿಜ್ಞಾನ ಓದಿದವಳು ನಾನು. ಹೂವಿನ ಪರಾಗಸ್ಪರ್ಶದ ಚಿತ್ರ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು. ತತ್ತಿಯೊಳಗೆ ಜೀವ ಇರುತ್ತದೆ ಎಂಬ ಮಾತನ್ನು ಹುಟ್ಟಿನಿಂದ ಎಷ್ಟು ಕೇಳಿದ್ದೆನೆಂದರೆ, ಆ ಜೀವ ಎಲ್ಲಿಂದ ಬರುತ್ತದೆ ಎಂದು ಕೇಳುವುದೇ ಹೊಳೆದಿರಲಿಲ್ಲ. ತತ್ತಿ ತಿನ್ನುವ ಯಾವ ಮನೆಯಲ್ಲೂ ಈ ತಪ್ಪು ಆಗುತ್ತಿರಲಿಲ್ಲ. ತಿನ್ನದವರಿಗೆ ಮಾತ್ರ ಸಾಧ್ಯವಾಗುವ ಪೆದ್ದುತನ ಇದು.

ನಗುವಿನ ಸದ್ದಿಗೆ ಓಣಿಯ ಹೆಂಗಸರು ಕೂಡಿದರು. ಎದುರು ಮನೆಯವಳು, “ನಮಗೂ ಅನಸಿತ್ರಿ. ನಿಮ್ಮ ಮಡಿ ಮಂದಿಗೆ ಬ್ಯಾರೆ ಏನರ ರೀತಿ ಇರತೈತೇನೋ ಅಂತ ಸುಮ್ಮನಿದ್ದಿವಿ” ಎಂದಾಗ ನನಗೂ ನಗು ತಡೆಯಲಾಗಲಿಲ್ಲ. ನನ್ನ ಗಂಡ ನಿದ್ದೆಗಣ್ಣಲ್ಲಿ ಎದ್ದು ಬಂದು, ವಿಷಯ ತಿಳಿದು, ಬಾಗಿಲ ಚೌಕಟ್ಟಿಗೆ ಒರಗಿ ನಕ್ಕರು. ಎದುರು ಮನೆಯವಳು ಬುಟ್ಟಿಯೊಳಗೆ ಬಗ್ಗಿ, “ಗಂಡ ಇಲ್ದ ಸಂಸಾರ ಮಾಡಾಕ ಕುಂತೈತಿ ನೋಡ್ರಿ ಇದು” ಎಂದಳು. ಎಲ್ಲರೂ ಮತ್ತೆ ನಕ್ಕೆವು.

ಅತ್ತೆ ಮಣೆಯ ಮೇಲೆ ಕೂತೇ ಇದ್ದರು. ದನಿ ಏರಿಸಲಿಲ್ಲ.

“ನಗಬ್ಯಾಡ್ರವಾ ಆಕೀನ್ನ” ಎಂದರು. “ಗಂಡ ಇಲ್ಲದಾಕಿ ಹೆಂಗ ಕೂಡತಾಳಂತ ನನಗ ಗೊತ್ತೈತಿ.”

ನನ್ನ ಗಂಡ ಚೌಕಟ್ಟಿನಿಂದ ಮೈ ಎತ್ತಿ ನೆಟ್ಟಗೆ ನಿಂತರು. ಅವರು ಅಂಬೆಗಾಲಿಡುವಾಗಲೇ ನನ್ನ ಮಾವ ತೀರಿಕೊಂಡಿದ್ದರು. ಅತ್ತೆಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಉಡಿಕೆ ಮಾಡಿ ಇನ್ನೊಬ್ಬನಿಗೆ ಕೊಡುತ್ತೇವೆ, ಮಗುವನ್ನು ಇಲ್ಲೇ ಬಿಟ್ಟು ಬಾ ಎಂದು ತವರಿನವರು ಚಕ್ಕಡಿ ಕಟ್ಟಿಕೊಂಡು ಕರೆಯಲು ಬಂದಿದ್ದರಂತೆ. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತವರು ಸಂಜೆಯವರೆಗೂ ಏಳಲಿಲ್ಲವಂತೆ, ಚಕ್ಕಡಿ ಬರಿದೇ ಹೋಯಿತಂತೆ. ಇದನ್ನು ನನಗೆ ಹೇಳಿದವರು ಊರಿನ ಮುದುಕಿಯರು. ಅತ್ತೆ ಎಂದೂ ಹೇಳಿದವರಲ್ಲ. ಅವರ ಬಾಯಲ್ಲಿ ಈ ಸಂಗತಿ ನಾನು ಕೇಳಿದ್ದು ಆ ಒಂದು ಮಾತಿನಲ್ಲಿ, ಅದೂ ಒಂದು ಕೋಳಿಯ ಪರವಾಗಿ. ಅವರು ‘ಅದು’ ಅನ್ನಲಿಲ್ಲ, ‘ಆಕಿ’ ಅಂದರು. ಆಮೇಲೆ ನನಗೂ ಆ ಕೋಳಿಯನ್ನು ಅದು ಎನ್ನಲು ಬಾಯಿ ಬಂದಿಲ್ಲ.

ಗೆಳತಿ ಎದ್ದು ಬಂದು ಅತ್ತೆಯ ಮಣೆಯ ಪಕ್ಕ ಕೂತಳು. “ತಪ್ಪಾತ್ರಿ ಆಯಿ” ಎಂದಳು.

“ನಿನ್ನ ಮ್ಯಾಲೆ ಸಿಟ್ಟಿಲ್ಲವಾ. ಏನ ಮಾಡೂಣು ಹೇಳು.”

“ಏಳಲಿಲ್ಲಂದ್ರ ಸಾಯತೈತ್ರಿ. ತತ್ತಿ ತಗದು, ತಣ್ಣೀರಾಗ ಅದ್ದಿ ಬಿಟ್ರ ಕಾವು ಇಳಿತೈತಿ. ಎಲ್ಲಾರೂ ಹಂಗ ಮಾಡತಾರ.”

“ಬ್ಯಾಡ” ಎಂದರು ಅತ್ತೆ. “ಇಷ್ಟು ಕೂತಾಕೀನ್ನ ಬರಿಗೈಲೆ ಎಬ್ಬಿಸಬ್ಯಾಡ.”

ಗೆಳತಿ ಇನ್ನೊಂದು ದಾರಿ ಹೇಳಿದಳು. ತೇರಗಾಂವದ ಹತ್ತಿರ ಆಕೆಯ ಅಕ್ಕನ ಮನೆ. ಅಲ್ಲಿ ಎರಡು ಕೋಳಿಗಳನ್ನು ಒಂದೇ ದಿನ ಕಾವಿಗೆ ಕೂರಿಸಿದ್ದರು, ಎರಡರ ತತ್ತಿಗಳೂ ನಿನ್ನೆ ಮೊನ್ನೆ ಒಡೆದು ಮರಿ ಬಂದಿದ್ದವು. ಹಾಗೆ ಒಡೆದಾಗ ಎಲ್ಲ ಮರಿಗಳನ್ನೂ ಒಂದೇ ತಾಯಿ ಕೋಳಿಗೆ ಬಿಡುವುದು ಅವರ ಪದ್ಧತಿ, ಇನ್ನೊಂದು ಬೇಗ ತತ್ತಿಗೆ ಬರಲಿ ಎಂದು. ಆ ಮರಿಗಳಲ್ಲಿ ಕೆಲವನ್ನು ತರಬಹುದು.

“ಆದ್ರ ಒಂದು ಮಾತ್ರಿ ಆಯಿ. ಇದು ಒಪ್ಪಿದ್ರ ಒಪ್ಪತೈತಿ. ಒಪ್ಪಲಿಲ್ಲಂದ್ರ ಕುಕ್ಕಿ ಕೊಂದಬಿಡತೈತಿ. ಮರೀನೂ ಹೋಗತಾವ, ಆಮ್ಯಾಲೆ ಇದೂ ಉಳಿಯೂದಿಲ್ಲ.”

ಅತ್ತೆ ಬುಟ್ಟಿಯ ಕಡೆ ನೋಡಿದರು. “ಹೋಗಿ ತಗೊಂಡ ಬಾರವಾ” ಎಂದರು.

ಮರುದಿನ ಸಂಜೆ ಗೆಳತಿ ಬಸ್ಸಿಳಿದು ಬಂದಳು. ಮಡಿಲಲ್ಲಿ ಬಿದಿರಿನ ಸಣ್ಣ ಬುಟ್ಟಿ, ಮೇಲೆ ಹಳೆಯ ಸೀರೆಯ ತುಂಡು. ಬಟ್ಟೆ ಸರಿಸಿದಾಗ ಐದು ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು. ಇಡೀ ಮೈ ಸೇರಿ ಒಂದು ಲಿಂಬೆಹಣ್ಣಿನಷ್ಟು. ಅಷ್ಟರೊಳಗೆ ಕಣ್ಣು, ಕೊಕ್ಕು, ಉಗುರು, ಹಸಿವು, ಹೆದರಿಕೆ ಎಲ್ಲವನ್ನೂ ಒಂದೂ ಬಿಡದೆ ಯಾರೋ ಇಟ್ಟಿದ್ದರು. ನಾನು ಉಸಿರು ಜೋರಾಗಿ ಬಿಡಲೂ ಹೆದರಿದೆ.

ಕತ್ತಲು ಕವಿಯುವ ಹೊತ್ತಿಗೆ ಕೋಳಿಗೆ ಕಣ್ಣು ಕಾಣುವುದಿಲ್ಲ, ಆಗಲೇ ಇಡಬೇಕು ಎಂದಳು ಗೆಳತಿ. ಇಡಲು ಆಕೆ ಕೈ ಚಾಚಿದಾಗ ಅತ್ತೆ, “ನಾ ಇಡತೇನಿ” ಎಂದರು. ಎಪ್ಪತ್ತು ದಾಟಿದ ಆ ಕೈಗಳು ಅದುವರೆಗೆ ಒಂದು ತತ್ತಿಯನ್ನೂ ಮುಟ್ಟಿರಲಿಲ್ಲ. ಗೆಳತಿ ಹೇಳಿದ ಹಾಗೆ ಕೋಳಿಯ ಹೊಟ್ಟೆಯ ಕೆಳಗೆ ಮೆಲ್ಲಗೆ ಕೈ ತೂರಿಸಿ ಒಂದು ತತ್ತಿ ತೆಗೆದರು, ಅದೇ ಜಾಗಕ್ಕೆ ಒಂದು ಮರಿ ಇಟ್ಟರು. ಕೋಳಿ ಕುಕ್ಕಿದಳು. ಅತ್ತೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಂದು ತತ್ತಿ, ಇನ್ನೊಂದು ಮರಿ. ಕೊನೆಗೆ ಉಳಿದ ತತ್ತಿಗಳನ್ನೂ ತೆಗೆದು ನನ್ನ ಸೆರಗಿಗೆ ಹಾಕಿದರು. ಅವರ ಕೈಯ ಹಿಂಬದಿಯಲ್ಲಿ ಎರಡು ಕಡೆ ರಕ್ತ ಜಿನುಗಿತ್ತು. ತತ್ತಿಗಳನ್ನು ನಾನು ಬಾಳೆಯ ಬುಡದಲ್ಲಿ ಹೂತೆ. ಅವು ಇನ್ನೂ ಬೆಚ್ಚಗಿದ್ದವು. ಒಳಗೆ ಏನೂ ಇಲ್ಲದವು, ಆದರೆ ಅಷ್ಟು ದಿನದ ಕಾವು ಕೈಗೆ ತಾಕುತ್ತಿತ್ತು. ಮಣ್ಣು ಮುಚ್ಚುವಾಗ ನನಗೆ ಅಳು ಬಂತು.

ಮರುದಿನ ಭೋಂಗಾ ಊದುವ ಮೊದಲೇ ನಾನು ಎದ್ದೆ. ಅತ್ತೆ ಆಗಲೇ ಮಾಡಿನಡಿ ಕೂತಿದ್ದರು. ಸ್ನಾನವಾಗಿರಲಿಲ್ಲ, ಪೂಜೆಯಾಗಿರಲಿಲ್ಲ. ಅವರು ಹಾಗೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಬೆಳಕು ಇನ್ನೂ ಮಬ್ಬು. ಬುಟ್ಟಿಯಿಂದ ಒಂದು ದನಿ ಬರುತ್ತಿತ್ತು. ನಮ್ಮ ಕೋಳಿಗಳ ಎಲ್ಲ ದನಿಗಳೂ ನನಗೆ ಗೊತ್ತಿವೆ ಎಂದುಕೊಂಡಿದ್ದೆ. ಇದು ಗೊತ್ತಿರಲಿಲ್ಲ. ಗಂಟಲ ಆಳದಿಂದ ಬರುವ, ತಗ್ಗಿದ, ಬಿಟ್ಟು ಬಿಟ್ಟು ಬರುವ ಕೊಕ್, ಕೊಕ್. ಯಾರೂ ಅವಳಿಗೆ ಅದನ್ನು ಕಲಿಸಿರಲಿಲ್ಲ, ಅವಳು ಹಿಂದೆ ಒಮ್ಮೆಯೂ ಆ ದನಿ ತೆಗೆದಿರಲಿಲ್ಲ. ಅದು ಅವಳೊಳಗೆ ಎಲ್ಲಿ ಇತ್ತೋ. ಅವಳ ರೆಕ್ಕೆಯ ಅಂಚಿನಿಂದ ಒಂದು ಹಳದಿ ತಲೆ ಹೊರಬಂತು. ಅವಳು ಬಗ್ಗಿ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ತೆರೆದಾಗ ಅವಳು ಕೊಕ್ಕಿನಿಂದ ಆ ತಲೆಯನ್ನು ಮೆಲ್ಲಗೆ ಒಳಗೆ ತಳ್ಳುತ್ತಿದ್ದಳು, ತತ್ತಿಗಳನ್ನು ಹೊರಳಿಸುತ್ತಿದ್ದಳಲ್ಲ, ಹಾಗೆಯೇ.

“ಒಪ್ಪಿದ್ಲು” ಎಂದರು ಅತ್ತೆ.

ಬಿಸಿಲು ಬಂದ ಮೇಲೆ ಅವಳು ಬುಟ್ಟಿಯಿಂದ ಇಳಿದಳು. ಕಾಲು ನಡುಗುತ್ತಿದ್ದವು, ಒಮ್ಮೆ ಪಕ್ಕಕ್ಕೆ ವಾಲಿ ಬಿದ್ದು ಎದ್ದಳು. ಐದೂ ಮರಿಗಳು ಹಿಂದೆಯೇ ಇಳಿದವು. ನಾನು ನುಚ್ಚು ಎರಚಿದೆ. ತಿಂಗಳಿನಿಂದ ಹೊಟ್ಟೆ ತುಂಬ ತಿನ್ನದ ಕೋಳಿ, ಮುಗಿಬಿದ್ದು ತಿನ್ನುತ್ತಾಳೆ ಎಂದುಕೊಂಡೆ. ಅವಳು ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿದಳು, ನುಂಗಲಿಲ್ಲ. ಮರಿಗಳ ಮುಂದೆ ಬೀಳಿಸಿ ಕೊಕ್ ಕೊಕ್ ಎಂದು ಕರೆದಳು. ಒಂದು ಮರಿ ಬಂದು ತಿಂದಿತು. ಇನ್ನೊಂದು ಕಾಳು ಎತ್ತಿ ಮತ್ತೆ ಬೀಳಿಸಿದಳು. ಎತ್ತುವುದು, ಬೀಳಿಸುವುದು, ಕರೆಯುವುದು. ಅವಳ ಬಾಯಿಗೆ ಒಂದು ಕಾಳೂ ಹೋಗಲಿಲ್ಲ. ಗೆಳತಿ ಗೋಡೆಯಾಚೆಯಿಂದ ನೋಡುತ್ತ ನಿಂತಿದ್ದಳು, ನಾನು ಈಚೆ.

ಅತ್ತೆ ಎದ್ದು ಬಂದು ಒದ್ದೆ ನೆಲದ ಮೇಲೆಯೇ ಕೂತರು. ನನ್ನ ಕೈಯ ಬಟ್ಟಲಿನಿಂದ ಒಂದು ಹಿಡಿ ನುಚ್ಚು ತೆಗೆದುಕೊಂಡು ಅವಳ ಕೊಕ್ಕಿನ ಹತ್ತಿರ ಅಂಗೈ ಚಾಚಿದರು.

“ಮೊದಲ ನೀ ತಿನ್ನ, ಹುಚ್ಚಿ” ಎಂದರು. “ಅವಕ್ಕ ನೀ ಬೇಕಲ್ಲ.”

ಹಾಗೆ ಹೇಳುವವರು ಅತ್ತೆಗೆ ಆ ಕಾಲದಲ್ಲಿ ಯಾರೂ ಇರಲಿಲ್ಲ. ಅವರ ಬೆನ್ನ ಹಿಂದೆ ನನ್ನ ಗಂಡ ಬಂದು ನಿಂತಿದ್ದರು, ಅದು ಅವರಿಗೆ ತಿಳಿಯಲಿಲ್ಲ. ಅತ್ತೆ ಅಂಗೈ ಹಾಗೇ ಚಾಚಿಕೊಂಡಿದ್ದರು, ತೋಳು ಸೋತಾಗ ಇನ್ನೊಂದು ಕೈಯಿಂದ ಆಧಾರ ಕೊಟ್ಟರು. ಬಹಳ ಹೊತ್ತಿನ ಮೇಲೆ ಅವಳು ಕತ್ತು ಚಾಚಿ ಅಂಗೈಯಿಂದ ನುಚ್ಚು ತಿಂದಳು.